ಹತ್ತಕ್ಕೆ ಎರಡು

"ಯಾರ್ರೀ ಇವನು, ನನ್ನ ಫೋಟೋಕ್ಕ ಮೂರು ಕೊಟ್ಟೋನು? ಕಣ್ಣು ಅದಾವೋ ಇಲ್ಲೋ ಇವಗ!"

ಗಂಗಾಂಬಿಕಾ ಕೂಗಿದ್ದು ಕಂಪ್ಯೂಟರ್ ಪರದೆಗೆ. ಆದರೆ ಹರಪನಹಳ್ಳಿ ಬಸ್ ನಿಲ್ದಾಣದ ಎದುರಿನ ಆ ಇಂಟರ್ನೆಟ್ ಸೆಂಟರ್ ಇದ್ದದ್ದೇ ಅಂಗೈಯಗಲ. ನಾಲ್ಕು ಕಂಪ್ಯೂಟರು, ನಡುನಡುವೆ ಪ್ಲೈವುಡ್ ಹಲಗೆ. ಕೂಗು ಎಲ್ಲರ ಕಿವಿಗೂ ಬಿತ್ತು.

ಹಲಗೆಯ ಆಚೆಯಿಂದ ಒಂದು ದನಿ ಮೆಲ್ಲಗೆ ಬಂತು.

"ಅದಾವ್ರಿ. ಎರಡೂ ಅದಾವು. ಮೂರು ಕೊಟ್ಟೋನು ನಾನು."

ಅವಳು ಎದ್ದು ನಿಂತು ಹಲಗೆಯ ಮೇಲಿಂದ ಇಣುಕಿದಳು. ಮೂವತ್ತು ತುಂಬದ ಒಬ್ಬ, ತೋಳು ಮಡಚಿದ ಬಿಳಿ ಅಂಗಿ. ನಗುತ್ತಿರಲಿಲ್ಲ. ಸಿಕ್ಕಿಬಿದ್ದವನ ಹಾಗೆ ನೋಡುತ್ತಿದ್ದ. ಸೆಂಟರಿನ ಮಾಲೀಕನೇ ಅವನು!

ಇದು ಎರಡು ಸಾವಿರದ ಆರನೇ ಇಸವಿಯ ಮಾತು. ಭಾನುವಾರದ ಪುರವಣಿಯಲ್ಲಿ ಯಾರೋ ಒಂದು ವೆಬ್‌ಸೈಟಿನ ವಿಳಾಸ ಬರೆದಿದ್ದರು. ವಾರಕ್ಕೊಂದು ವಿಷಯ, ವಾರಕ್ಕೊಂದು ಫೋಟೋ ಸ್ಪರ್ಧೆ. ಯಾವ ದೇಶದವರಾದರೂ ಫೋಟೋ ಹಾಕಬಹುದು, ಯಾರು ಬೇಕಾದರೂ ಒಂದರಿಂದ ಹತ್ತರವರೆಗೆ ಅಂಕ ಕೊಡಬಹುದು. ಓಟು ಮುಗಿಯುವ ತನಕ ತೆಗೆದವರ ಹೆಸರು ಯಾರಿಗೂ ಕಾಣುವುದಿಲ್ಲ. ಅದನ್ನು ಓದಿ ನಮ್ಮ ಕಡೆಯ ಅದೆಷ್ಟು ಜನ ಕ್ಯಾಮೆರಾ ಹಿಡಿದು ಹೊರಟರೋ! ಕೊಟ್ಟೂರಿನ ಫೋಟೋ ಸ್ಟುಡಿಯೋದ ಕೊಟ್ರಸ್ವಾಮಿಯವರ ಮಗಳು ಗಂಗಾಂಬಿಕಾಳೂ ಹೊರಟಳು.

ಆ ವಾರದ ವಿಷಯ 'ಹಳದಿ'. ಅವಳ ಫೋಟೋದಲ್ಲಿ ಅರ್ಧ ರಸ್ತೆ ತುಂಬ ಹರವಿದ ಮೆಕ್ಕೆಜೋಳ, ಮುಖಕ್ಕೆ ಸೆರಗು ಸುತ್ತಿಕೊಂಡು ಕಾಲಲ್ಲಿ ಅದನ್ನು ತಿರುವುತ್ತಿರುವ ಹೆಂಗಸು. ಕೆಳಗೆ ಈ ಮಹಾಶಯನ ಅಭಿಪ್ರಾಯ: 'ಕಂಪ್ಯೂಟರಿನಲ್ಲಿ ಬಣ್ಣ ಸುರಿದ ಚಿತ್ರ. ಮೂರು.'

"ಇಷ್ಟು ಹಳದಿ ಎಲ್ಲೈತ್ರಿ ಭೂಮಿ ಮ್ಯಾಲೆ?" ಎಂದ ಅವನು.

"ಎಲ್ಲೈತೋ? ಬರ್ರಿ ಹೊರಗ!"

ಬಂದೇಬಿಟ್ಟ. ಸೆಂಟರನ್ನು ಪಕ್ಕದ ಅಂಗಡಿಯವರಿಗೆ ನೋಡಿಕೊಳ್ಳಲು ಹೇಳಿ, ಆ ಗಯ್ಯಾಳಿಯ ಹಿಂದೆ ಕೊಟ್ಟೂರು ರಸ್ತೆಯವರೆಗೆ ನಡೆದ. ಊರು ದಾಟುತ್ತಲೇ ರಸ್ತೆಯ ಮೇಲೆ ಮೆಕ್ಕೆಜೋಳ ಒಣಗಲು ಬಿದ್ದಿತ್ತು. ನಾಲ್ಕರ ಬಿಸಿಲು ಅದರ ಮೇಲೆ ಅಡ್ಡವಾಗಿ ಹಾಸಿತ್ತು. ಕಣ್ಣು ಬಿಡಲಾಗದಷ್ಟು ಹಳದಿ!

ಅವನು ಬಗ್ಗಿ ಒಂದು ಹಿಡಿ ಕಾಳು ಅಂಗೈಗೆ ತೆಗೆದುಕೊಂಡ.

"ದಿನಾ ಇದರ ಮಗ್ಗಲಕ್ಕ ಬೈಕ್ ಬಿಟ್ಗಂಡು ಹೋಗೀನ್ರಿ. ಒಂದಿನಾನೂ ನೋಡಿಲ್ಲ," ಎಂದ. ಆಮೇಲೆ ನೇರವಾಗಿ ಅವಳ ಕಡೆ ತಿರುಗಿದ. "ತಪ್ಪಾತ್ರಿ. ನನ್ನ ಹೆಸರು ಗವಿಸಿದ್ದೇಶ್."

ಒಂದೇ ಮಾತಿಗೆ ತಪ್ಪು ಒಪ್ಪಿಕೊಳ್ಳುವ ಗಂಡಸನ್ನು ಇಪ್ಪತ್ನಾಲ್ಕು ವರ್ಷದಲ್ಲಿ ಅವಳು ನೋಡಿದ್ದು ಅದೇ ಮೊದಲು. ಅವಳಪ್ಪನಂತೂ ಫೋಟೋದಲ್ಲಿ ಗಿರಾಕಿಯ ತಲೆ ಕತ್ತರಿಸಿಹೋದರೆ ಅದು ಗಿರಾಕಿಯ ಎತ್ತರದ ತಪ್ಪು ಎನ್ನುವವರು. ಇವನು ನೋಡಿದರೆ...

'ಅಯ್ಯೋ, ಬಾಯಿಗೆ ಬಂದಂಗ ಬೈದೆನಲ್ಲ!' ಎಂದುಕೊಂಡಳು ಗಂಗಾ. ಕೆನ್ನೆ ಬಿಸಿಯಾಯಿತು. ಬಿಸಿಲಿಗೆ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಬಿಸಿಲೂ ಇತ್ತು ಬಿಡಿ, ಅದರ ಮೇಲೆ ಯಾಕೆ ಸುಳ್ಳು ಹೇಳಬೇಕು!

ಅವತ್ತಿನಿಂದ ಬುಧವಾರ ಬಂತೆಂದರೆ ಅವಳು ಹರಪನಹಳ್ಳಿ ಬಸ್ಸು ಹತ್ತುತ್ತಿದ್ದಳು. ಬುಧವಾರ ಸ್ಟುಡಿಯೋಕ್ಕೆ ಗಿರಾಕಿ ಕಡಿಮೆ, ಸ್ಪರ್ಧೆಯ ಫಲಿತಾಂಶ ಬರುವುದೂ ಅವತ್ತೇ. ಕೊಟ್ಟೂರಿನಲ್ಲಿ ಇಂಟರ್ನೆಟ್ ಇರಲಿಲ್ಲವೇ ಎಂದು ಕೇಳಬೇಡಿ. ಇತ್ತು. ಅಲ್ಲಿ ಗವಿಸಿದ್ದೇಶ್ ಇರಲಿಲ್ಲ, ಅಷ್ಟೇ.

ಅವಳು ತಂದ ಫೋಟೋವನ್ನು ಅವನೇ ಸ್ಕ್ಯಾನ್ ಮಾಡಿ ಸೈಟಿಗೆ ಏರಿಸುತ್ತಿದ್ದ. ಇಬ್ಬರೂ ಪಕ್ಕಪಕ್ಕ ಕುಳಿತು ಹಳೆಯ ವಾರದ ಅಂಕ ತೆರೆಯುತ್ತಿದ್ದರು. ನಾಲ್ಕು ಚಿಲ್ಲರೆ. ಮೂರೂ ಮುಕ್ಕಾಲು. ಒಮ್ಮೆಯೂ ಐದು ದಾಟಲಿಲ್ಲ.

ಕುರಿ ಕಾಯುವ ಯರ್ರೆಪ್ಪಜ್ಜ ಕಂಬಳಿ ಹೊದ್ದು ನಿಂತ ಫೋಟೋಕ್ಕೆ 'ತುಂಬಾ ಕತ್ತಲು' ಎಂದು ಬರೆದಿದ್ದರು.

"ಕಂಬಳಿ ಕರ್ರಗೈತಿ, ನಾನೇನು ಮಾಡ್ಲಿ? ಸುಣ್ಣ ಬಳೀಲೇನು ಅದಕ್ಕ?" ಗಂಗಾಳ ಕಣ್ಣಲ್ಲಿ ನೀರು.

"ಅಳಬ್ಯಾಡ್ರಿ. ಅವರು ಮಾರ್ಕ್ಸ್ ಕೊಡೋದು ನಿಮ್ಮ ಫೋಟೋಕ್ಕಲ್ಲ. ತಮ್ಮ ತಲ್ಯಾಗ ಒಂದು ಫೋಟೋ ಇಟಗಂಡಿರ್ತಾರ, ಅದಕ್ಕ ಹೋಲ್ತತೋ ಇಲ್ಲೋ ನೋಡ್ತಾರ. ನಾನೂ ಹಂಗ ಮಾಡಿದ್ನಲ್ಲ?"

"ನೀವಾದ್ರೂ ಹತ್ತು ಕೊಡಬಾರದೇನ್ರಿ?"

"ಗುರುತಿದ್ದೋರ ಫೋಟೋಕ್ಕ ನಾನು ಓಟು ಹಾಕಂಗಿಲ್ಲ. ನ್ಯಾಯ ಅಲ್ಲ ಅದು."

ಎಂಥ ಗಟ್ಟಿ ಪಿಂಡ! ಅವಳಿಗೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು. ಗುರುತಿದ್ದೋರು ಅಂದನಲ್ಲ... ಬರೀ ಗುರುತೇನು?

ಆದರೆ ಸಂಜೆ ಐದೂಕಾಲರ ಕೊಟ್ಟೂರು ಬಸ್ಸಿನ ವಿಷಯದಲ್ಲಿ ಅವನ ನ್ಯಾಯನೀತಿ ಬೇರೆಯೇ ಇತ್ತು. ಕಾಲೇಜು ಹುಡುಗರು ಬಾಗಿಲಿಗೆ ಮುಗಿಬೀಳುವ ಮೊದಲೇ ಅವನು ಓಡಿಹೋಗಿ, ಕಿಟಕಿಯಿಂದ ತನ್ನ ಕರ್ಚೀಫು ಎಸೆದು ಸೀಟು ಹಿಡಿಯುತ್ತಿದ್ದ. ನಮ್ಮ ಬಸ್ಸುಗಳಲ್ಲಿ ಸೀಟಿನ ಮೇಲೆ ಕರ್ಚೀಫು ಬಿತ್ತೆಂದರೆ ಮುಗಿಯಿತು, ಅದು ರಿಜಿಸ್ಟರ್ ಆದ ಹಾಗೆ. ಬರುವವರು ಇದ್ದಾರೆ ಎಂದು ಅರ್ಥ. ಗಂಗಾ ನಿಧಾನಕ್ಕೆ ಹತ್ತಿ ಕುಳಿತು, ಕರ್ಚೀಫನ್ನು ಕಿಟಕಿಯಿಂದ ವಾಪಸು ಕೊಡುತ್ತಿದ್ದಳು.

ಒಂದು ಬುಧವಾರ ಕೊಡುವುದರೊಳಗೆ ಬಸ್ಸು ಹೊರಟೇಬಿಟ್ಟಿತು. ನೀಲಿ ಚೌಕಳಿಯ ಕರ್ಚೀಫು ಅವಳ ಕೈಯಲ್ಲೇ ಉಳಿಯಿತು. ಮನೆಗೆ ಬಂದು ಒಗೆದಳು, ಇಸ್ತ್ರಿ ಮಾಡಿದಳು, ಟ್ರಂಕಿನಲ್ಲಿ ರೇಷ್ಮೆ ಸೀರೆಯ ಕೆಳಗಿಟ್ಟಳು. ವಾಪಸು ಕೊಡಲಿಲ್ಲ. ಮುಂದಿನ ವಾರ ಅವನು ಬೇರೆ ಕರ್ಚೀಫು ತಂದ. ಕೇಳಲಿಲ್ಲ.

ಕೇಳಬಾರದಿತ್ತೇ ಪುಣ್ಯಾತ್ಮ!

ಹೀಗೇ ವರ್ಷ ತುಂಬುತ್ತ ಬಂತು. ಅವನು ಒಂದು ಮಾತು ಆಡಲಿಲ್ಲ, ಅವಳೂ ಆಡಲಿಲ್ಲ. ಬುಧವಾರದಿಂದ ಬುಧವಾರಕ್ಕೆ ಅವಳು ದಿನ ಎಣಿಸುತ್ತಿದ್ದಳು. ಭಾನುವಾರವಂತೂ ಸರಿಯುತ್ತಲೇ ಇರಲಿಲ್ಲ.

ಆಗ ಸೈಟಿನಲ್ಲಿ ಹೊಸ ವಿಷಯ ಬಂತು. 'ಕಾಯುವುದು', ಕಪ್ಪು ಬಿಳುಪಿನಲ್ಲಿ.

ಅಪ್ಪ ಆಗಷ್ಟೇ ಡಿಜಿಟಲ್ ಕ್ಯಾಮೆರಾ ಕೊಂಡಿದ್ದರು. ಒಂದು ಬೆಳಿಗ್ಗೆ ಗಂಗಾ ಅದನ್ನೂ ಟ್ರಂಕಿನಲ್ಲಿದ್ದ ಕರ್ಚೀಫನ್ನೂ ತೆಗೆದುಕೊಂಡು ಬಸ್ಸು ಹತ್ತಿದಳು. ಕಿಟಕಿ ಪಕ್ಕ, ತಾನು ಕೂರುವ ಜಾಗದಲ್ಲಿ, ಎಲ್ಲಿಗೆ ಹೋದರೂ ಹೆಗಲಿಗಿರುತ್ತಿದ್ದ, ಅಪ್ಪನ ಸ್ಟುಡಿಯೋದ ಹೆಸರಿರುವ ಬಟ್ಟೆ ಚೀಲ ಇಟ್ಟಳು. ಅದರ ಪಕ್ಕದ ಖಾಲಿ ಜಾಗದ ಮೇಲೆ ಅವನ ಕರ್ಚೀಫು ಹಾಸಿದಳು. ಎದುರು ನಿಂತು ಫೋಟೋ ತೆಗೆದಳು.

ಬಸ್ಸು ಹೊರಟ ಮೇಲೂ ಕರ್ಚೀಫು ತೆಗೆಯಲು ಮನಸ್ಸಾಗಲಿಲ್ಲ.

"ಯಾರಿಗವ್ವಾ ಸೀಟು?" ಕಂಡಕ್ಟರ್ ಹುಲುಗಣ್ಣ ಕೇಳಿದ.

"ಬರ್ತಾರ."

"ಎಲ್ಲಿ ಹತ್ತತಾರ?"

ಮುಂದಿನ ಊರಲ್ಲಿ ಮೊಮ್ಮಗುವನ್ನು ಎತ್ತಿಕೊಂಡ ಮುದುಕಿಯೊಬ್ಬಳು ಹತ್ತಿದಾಗ ಕರ್ಚೀಫನ್ನು ಮಡಚಿ ಎದೆಗಿಟ್ಟುಕೊಂಡಳು.

ಆ ಫೋಟೋವನ್ನು ಅವನ ಕೈಗೆ ಕೊಡಲಿಲ್ಲ. ಅವನು ಊಟಕ್ಕೆ ಹೋದಾಗ ಅವನ ಕಂಪ್ಯೂಟರಿನಿಂದಲೇ, ತಡಕಾಡಿ, ತಾನೇ ಏರಿಸಿದಳು. ಹೆಸರು ಕಾಣುವುದಿಲ್ಲವಲ್ಲ. ಅವನು ವಾರದ ಫೋಟೋಗಳನ್ನೆಲ್ಲ ನೋಡುತ್ತಾನೆ, ಇದನ್ನೂ ನೋಡುತ್ತಾನೆ. ಚೀಲ ಕಂಡರೆ ನಾನೆಂದು ಗೊತ್ತಾಗುತ್ತದೆ, ಕರ್ಚೀಫು ಕಂಡರೆ ತಾನೆಂದು ಗೊತ್ತಾಗುತ್ತದೆ.

'ಮನಸ್ಸಿದ್ರ ತನ್ನ ನೇಮ ಮುರಿದು ಹತ್ತು ಕೊಡ್ತಾರ. ಆ ಹತ್ತೇ ನನಗ ಉತ್ತರ. ಇಲ್ಲಾಂದ್ರ... ಇಲ್ಲ!'

ನೋಡಿ, ಬಾಯಿಬಿಟ್ಟು ಕೇಳಬೇಕಾದ ಮಾತನ್ನು ಓಟಿಗೆ ಹಾಕಿದ್ದಳು ಹುಡುಗಿ. ಜೀವಮಾನದ ಪ್ರಶ್ನೆಗೆ ಒಂದರಿಂದ ಹತ್ತರೊಳಗೆ ಉತ್ತರ!

ಆ ಬುಧವಾರ ಅವಳು ಮಲ್ಲಿಗೆ ಮುಡಿದು ಬಂದಿದ್ದಳು. ಗವಿಸಿದ್ದೇಶ್ ತಲೆ ಎತ್ತಲಿಲ್ಲ.

"ಮೂರನೇದು ಖಾಲಿ ಐತ್ರಿ, ಕೂಡ್ರಿ," ಎಂದ, ಯಾರೋ ಗಿರಾಕಿಗೆ ಹೇಳಿದ ಹಾಗೆ.

ಅವಳು ಒಬ್ಬಳೇ ಫಲಿತಾಂಶ ತೆರೆದಳು. ಮೂರೂವರೆ. ಕೆಳಗೆ ಅಭಿಪ್ರಾಯಗಳು. 'ಯಾರೋ ಕೊಳಕು ಬಟ್ಟೆ ಮರೆತು ಹೋಗಿದ್ದಾರೆ.' 'ಇದಕ್ಕೂ ಕಾಯುವುದಕ್ಕೂ ಏನು ಸಂಬಂಧ?' ಅವನ್ನೆಲ್ಲ ಅವಳು ಓದಲೇ ಇಲ್ಲ. ಯಾವ ಅಂಕವನ್ನು ಎಷ್ಟು ಜನ ಕೊಟ್ಟಿದ್ದಾರೆ ಎಂಬ ಪಟ್ಟಿಗೆ ಹೋದಳು. ಒಂಬತ್ತು, ಒಬ್ಬರು. ಹತ್ತು...

ಹತ್ತರ ಮುಂದೆ ಸೊನ್ನೆ ಇತ್ತು.

ಆದರೂ ಎದ್ದು ಅವನ ಮೇಜಿನ ಮುಂದೆ ನಿಂತಳು.

"ಬಸ್ಸಿನ ಸೀಟಿನ ಫೋಟೋ... ನೋಡಿದ್ರೇನು?"

"ನೋಡೀನಿ."

"ಓಟು ಹಾಕಿದ್ರೇನು?"

ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ.

"ಹಾಕೀನಿ."

"ಎಷ್ಟು?"

"ಎರಡು."

ಹೊರಗೆ ಯಾವುದೋ ಬಸ್ಸು ಹಾರನ್ ಹೊಡೆಯಿತು. ಅವಳು ಕಂಪ್ಯೂಟರಿನ ದುಡ್ಡು ಮೇಜಿನ ಮೇಲಿಟ್ಟಳು. ಅವನು ಏನಾದರೂ ಹೇಳಬಹುದೆಂದು ಕಾದಳು. ಅವನು ಚಿಲ್ಲರೆ ಎಣಿಸಿ ಕೊಟ್ಟ.

'ಬೇಡ ಅಂದರೆ ಬೇಡ ಅನ್ನಬಹುದಿತ್ತು. ಸುಮ್ಮನಿದ್ದರೂ ಆಗುತ್ತಿತ್ತು. ಎರಡು ಕೊಟ್ಟು ಅವಮಾನ ಮಾಡಬೇಕಿತ್ತೇ?'

ಅವತ್ತು ಸಂಜೆ ಯಾರೂ ಸೀಟು ಹಿಡಿಯಲಿಲ್ಲ. ಕೊಟ್ಟೂರಿನವರೆಗೂ ಅವಳು ಕಂಬಿ ಹಿಡಿದು ನಿಂತೇ ಬಂದಳು. ಮಲ್ಲಿಗೆ ಅರ್ಧ ದಾರಿಯಲ್ಲೇ ಎಲ್ಲೋ ಉದುರಿತ್ತು.

ಆಮೇಲೆ ಮೂರು ತಿಂಗಳು ಅವಳು ಹರಪನಹಳ್ಳಿಯ ಕಡೆ ಮುಖ ಹಾಕಲಿಲ್ಲ.

ಮುಖ ಹಾಕಲಿಲ್ಲ ನಿಜ, ಮನಸ್ಸು? ಬುಧವಾರ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತ ಕುಳಿತವಳು ಐದೂಕಾಲಿಗೆ ಸರಿಯಾಗಿ ಗಡಿಯಾರ ನೋಡುತ್ತಿದ್ದಳು. ಕೊಟ್ಟೂರಿನ ಸೆಂಟರಿನಲ್ಲಿ ಕುಳಿತು ಆ ಸೈಟು ತೆರೆಯುತ್ತಿದ್ದಳು. ಫೋಟೋ ಹಾಕಲು ಅಲ್ಲ. ಬೇರೆಯವರ ಫೋಟೋಗಳ ಕೆಳಗೆ ಅವನ ಅಭಿಪ್ರಾಯ ಹುಡುಕಲು. 'ಬೆಳಕು ಚೆನ್ನಾಗಿದೆ. ಆರು.' 'ಇನ್ನಷ್ಟು ಹತ್ತಿರ ಹೋಗಬೇಕಿತ್ತು. ಐದು.' ಯಾರಿಗೋ ಬರೆದ ಆ ಒಂದೊಂದು ಸಾಲನ್ನೂ ತನಗೆ ಬಂದ ಕಾಗದದ ಹಾಗೆ ಎರಡೆರಡು ಸಲ ಓದುತ್ತಿದ್ದಳು.

ಒಂದು ವಾರ ಅವೂ ನಿಂತುಹೋದವು. ಅವನು ಎಲ್ಲೂ ಏನೂ ಬರೆದಿರಲಿಲ್ಲ. ಮುಂದಿನ ವಾರವೂ ಇಲ್ಲ.

'ಮೈಗೆ ಹುಷಾರಿಲ್ಲೇನೋ... ಊಟ ಹೊತ್ತಿಗೆ ಸರಿ ಮಾಡ್ತಾರೋ ಇಲ್ಲೋ... ನನಗ್ಯಾಕ ಅದೆಲ್ಲ!' ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳಿಗೆ ಯಾಕೆ ಅದೆಲ್ಲ ಎಂದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತು.

ಒಂದು ಶುಕ್ರವಾರ ಅಪ್ಪ ಕೊಟ್ರಸ್ವಾಮಿ ಸ್ಟುಡಿಯೋದ ಶೋಕೇಸಿಗೆ ಹೊಸ ಫೋಟೋ ಆರಿಸುತ್ತ ಕಂಪ್ಯೂಟರ್ ಮುಂದೆ ಕುಳಿತಿದ್ದರು.

"ಗಂಗೀ, ಬಾ ಇಲ್ಲಿ. ಯಾರದವ್ವಾ ಈ ಕರ್ಚೀಫು?"

"ಯಾರದೋ ಇರ್ಬೇಕಪ್ಪ. ಯಾರೋ ಸೀಟು ಹಿಡಿದಿದ್ರು."

"ಫೋಟೋ ಏನೋ ಚಲೋ ಬಂದೈತಿ. ಆದ್ರ ಶೋಕೇಸಿಗೆ ಹಾಕಾಕ ಬರಂಗಿಲ್ಲ ಬಿಡು."

"ಯಾಕಪ್ಪಾ?"

"ಯಾಕಂದ್ರ? ನಮ್ಮ ಸ್ಟುಡಿಯೋ ಚೀಲ ಅಂದ್ರ ನೀನು ಅಂತ ಊರಿಗೆಲ್ಲ ಗೊತ್ತೈತಿ. ಅದರ ಮಗ್ಗಲಕ್ಕ ಯಾರದೋ ಗಂಡಸರ ಕರ್ಚೀಫು! ನೋಡಿದೋರು ಏನಂತಾರ? ಕೊಟ್ರಸ್ವಾಮಿ ಮಗಳ ಲಗ್ನ ಗೊತ್ತಾಗೇತಿ, ನಮಗೊಂದು ಮಾತು ಹೇಳಲಿಲ್ಲ ಅಂತ ಜಗಳಕ್ಕ ಬರ್ತಾರ!"

ಅಪ್ಪ ತಮ್ಮ ಮಾತಿಗೆ ತಾವೇ ನಕ್ಕರು. ಗಂಗಾ ನಗಲಿಲ್ಲ. ನಿಂತಲ್ಲೇ ಪರದೆ ನೋಡಿದಳು.

ಕಪ್ಪು ಬಿಳುಪು. ನೀಲಿ ಎಲ್ಲಿದೆ ಇದರಲ್ಲಿ? ಬರೀ ಬೂದು ಚೌಕಳಿ. ಈ ತಾಲ್ಲೂಕಿನ ಅರ್ಧ ಗಂಡಸರ ಜೇಬಿನಲ್ಲಿರುವ ಕರ್ಚೀಫು.

'ಶಿವನೇ! ಅವರೂ ಹಂಗ ತಿಳಕಂಡ್ರೇನು? ನಾನು ಇನ್ಯಾರಿಗೋ ಕಾಯಾಕತ್ತೀನಿ ಅಂತ...'

ದೂರದೇಶದವರಿಗೆ ಅದು ಕೊಳಕು ಬಟ್ಟೆಯಾಗಿ ಕಂಡಿತ್ತು. ನಮ್ಮವನಿಗೆ ಅದು ಬೇರೊಬ್ಬನ ಕರ್ಚೀಫಾಗಿ ಕಂಡಿರಬಹುದಲ್ಲ! ಹೋದ ವರ್ಷವೆಲ್ಲ ಅವಳು ಓಟು ಹಾಕುವವರನ್ನು ಬೈದದ್ದೇ ಬೈದದ್ದು, ನೋಡದೆ ಕೇಳದೆ ತಾವೇ ಏನೋ ಊಹಿಸಿಕೊಳ್ಳುತ್ತಾರೆಂದು. ತಾನು ಮಾಡಿದ್ದೇನು? ಎರಡು ಎಂಬ ಒಂದು ಅಂಕಿ ನೋಡಿ, ಯಾಕೆ ಎಂದೂ ಕೇಳದೆ, ಮೂರು ತಿಂಗಳು ಅತ್ತಳು.

"ಅಪ್ಪಾ, ಹರಪನಹಳ್ಳಿಗೆ ಹೋಗಿ ಬರ್ತೀನಿ."

"ಇವತ್ತು ಬುಧವಾರ ಅಲ್ಲಲ್ಲವ್ವಾ?"

"ಅಲ್ಲ," ಎಂದವಳೇ ಚಪ್ಪಲಿ ಮೆಟ್ಟಿ ಹೊರಟಳು.

ಹರಪನಹಳ್ಳಿಯಲ್ಲಿ ಕರೆಂಟು ಹೋಗಿತ್ತು. ಸೆಂಟರಿನ ಕಂಪ್ಯೂಟರುಗಳೆಲ್ಲ ಕಣ್ಣು ಮುಚ್ಚಿದ್ದವು, ಗಿರಾಕಿಗಳು ಎದ್ದು ಹೋಗಿದ್ದರು. ಗವಿಸಿದ್ದೇಶ್ ಮೆಟ್ಟಿಲ ಮೇಲೆ ಕುಳಿತಿದ್ದ. ಸೊರಗಿದ್ದ. ಗಡ್ಡ ಬಿಟ್ಟಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ.

"ಏನ್ರಿ... ಹಿಂಗ ಅಚಾನಕ್? ಫೋಟೋ ತಂದೀರೇನು?"

"ಇಲ್ಲ. ಫೋಟೋ ತಂದಿಲ್ಲ. ಫೋಟೋ ತೋರಿಸಿ ಕೆಟ್ಟೀನಿ. ಬಾಯಿ ಒಂದು ತಂದೀನಿ." ಅವಳಿಗೆ ಏದುಸಿರು. "ಎರಡು ಯಾಕ ಕೊಟ್ರಿ? ಅದೊಂದು ಹೇಳ್ರಿ."

ಅವನು ರಸ್ತೆಯ ಕಡೆ ಮುಖ ತಿರುಗಿಸಿದ.

"ಗುರುತಿದ್ದೋರಿಗೆ ಓಟು ಹಾಕಬಾರದಿತ್ತು. ಹಾಕಿದೆ. ಆ ಚೀಲದ ಮಗ್ಗಲಕ್ಕ ಕರ್ಚೀಫು ನೋಡಿ ನಂಗ ಉಸಿರು ಕಟ್ಟಿದಂಗಾತು. ಇವರಿಗೆ ಬರೋರು ಅದಾರ, ನಾನು ಬರೀ ಸೀಟು ಹಿಡಿಯೋನು ಅನ್ನಿಸ್ತು. ಹೊಟ್ಟೆಕಿಚ್ಚಿಗೆ ಎರಡು ಒತ್ತಿದೆ. ಅವತ್ತಿಂದ ಯಾವ ಫೋಟೋಕ್ಕ ಎಷ್ಟು ಕೊಡಬೇಕಂತ ಗೊತ್ತಾಗವಲ್ದು ನಂಗ. ಕಡೀಗೆ ಓಟು ಹಾಕೋದ ಬಿಟ್ಟೆ."

"ಬಂದು ಕೇಳಬಾರದಿತ್ತೇನು?"

"ಬಂದಿದ್ದೆ. ಮೂರು ಸಲ. ನಿಮ್ಮ ಸ್ಟುಡಿಯೋ ಎದುರಿಗಿನ ಹೋಟೆಲ್‌ನ್ಯಾಗ ಚಾ ಕುಡದು, ನಿಮ್ಮನ್ನ ನೋಡಿ, ವಾಪಸ್ ಬಂದೆ. ಲಗ್ನ ಗೊತ್ತಾದೋರನ್ನ ಏನಂತ ಕೇಳ್ಲಿ?"

ಗಂಗಾಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. ಇನ್ನು ಯಾವ ಊಹೆಗೂ ಏನನ್ನೂ ಬಿಡಬಾರದು ಎಂದು ಬಸ್ಸಿನಲ್ಲೇ ನಿಶ್ಚಯ ಮಾಡಿಕೊಂಡು ಬಂದಿದ್ದಳು.

"ಆ ಕರ್ಚೀಫು ನೀಲಿದು," ಎಂದಳು. "ಫೋಟೋದಾಗ ಕಾಣಂಗಿಲ್ಲ. ಹೋದ ವರ್ಷ ಬಸ್ಸು ಬಿಟ್ಟಾಗ ನನ್ನ ಕೈಯಾಗ ಉಳೀತಲ್ಲ, ಅದು. ನಿಮ್ಮದು. ನಾನು ಕಾಯಾಕತ್ತಿದ್ದು ನಿಮಗ. ಈಗಲೂ ನಿಮಗ. ನೀವಿಲ್ದ ಬುಧವಾರ ನಂಗ ಕಳೆಯಾಕ ಆಗವಲ್ದು... ಸಾಕಾಗೇತಿ ನಂಗ!"

ಗವಿಸಿದ್ದೇಶ್ ಮೆಟ್ಟಿಲ ಮೇಲೆ ಮತ್ತೆ ಕುಳಿತುಬಿಟ್ಟ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹೆಗಲು ಅಲುಗುತ್ತಿತ್ತು. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ. ಎರಡೂ ಇತ್ತು.

"ನನ್ನದ ಕರ್ಚೀಫಿಗೆ ನಾನು ಹೊಟ್ಟೆಕಿಚ್ಚು ಪಟ್ಟೀನಿ," ಎಂದ ಕೊನೆಗೆ. "ನನ್ನಂಥ ದಡ್ಡ ಯಾರರ ಅದಾರೇನ್ರಿ?"

"ನಾನದೀನಲ್ಲ."

ಅವನು ತಲೆ ಎತ್ತಿದ. ಮೂರು ತಿಂಗಳ ಮೇಲೆ ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ನನಗೂ ನೀವಿಲ್ದ ಆಗಂಗಿಲ್ಲ. ಆ ಮೆಕ್ಕಿಜೋಳದ ರಸ್ತ್ಯಾಗ ನಿಂತಾಗಿಂದ ಆಗಂಗಿಲ್ಲ. ಹೇಳಾಕ ಧೈರ್ಯ ಇರಲಿಲ್ಲ."

ಎದುರಿನ ನಿಲ್ದಾಣದಲ್ಲಿ ಬಸ್ಸುಗಳು ಬಂದವು, ಹೋದವು. ಇಬ್ಬರೂ ಅವುಗಳ ಕಡೆ ನೋಡಲಿಲ್ಲ.

"ನಿಮ್ಮ ಅಪ್ಪಾರು ಏನಂತಾರೋ..." ಅವನ ದನಿಯಲ್ಲಿ ಅಳುಕಿತ್ತು.

"ಅಪ್ಪ ಬೆಳಿಗ್ಗೇನ ಅಂದ್ರು, ಆ ಫೋಟೋ ನೋಡಿದೋರು ನನ್ನ ಲಗ್ನ ಗೊತ್ತಾಗೇತಿ ಅಂತಾರಂತ. ಹುಡುಗ ಯಾರಂತ ಮಾತ್ರ ಅವರಿಗೆ ಗೊತ್ತಿಲ್ಲ."

"ಹೇಳಿಬಿಡೋಣ ಹಂಗಾದ್ರ. ಇವತ್ತ." ಅವನು ಎದ್ದು ಸೆಂಟರಿನ ಬಾಗಿಲು ಎಳೆದು ಬೀಗ ಹಾಕಿದ. ಅವಳ ಕಡೆ ತಿರುಗಿ ಕೈ ಚಾಚಿದ. "ಬಾ ಗಂಗಾ."

ಅವಳು ನಿಂತಲ್ಲೇ ನಿಂತಳು.

"ಏನಂದ್ರಿ?"

"ಯಾಕ, ತಪ್ಪಾತೇನು?"

"ಇಲ್ಲ... ಇನ್ನೊಂದು ಸಲ ಅನ್ರಿ."

"ಬಾ," ಎಂದ ಅವನು.